ಧಾರೆಗೆ ಉಟ್ಟ ಕೆಂಪು ಸೀರೆ

ವಿಜಯವಾಡ
೧೪ ನವೆಂಬರ್ ೨೦೨೪

ಚಿ. ಸೌ. ಶ್ರೀರಕ್ಷಾಳಿಗೆ ಅಮ್ಮನ ಆಶೀರ್ವಾದಗಳು.

ಫೋನಿರುವಾಗ ಕಾಗದವೇಕೆ ಎಂದು ಬೈಯಬೇಡ. ಫೋನ್ ಹಿಡಿದರೆ ನಿಮ್ಮಪ್ಪ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಈಗ ಬ್ಯಾಂಕಿಗೆ ಹೋಗಿದ್ದಾರೆ.

ಪಾರ್ಸೆಲ್ಲಿನಲ್ಲಿ ಅಂಟಿನುಂಡೆ ಇದೆ. ಏಳನೇ ತಿಂಗಳಿಗೇ ಬಾಣಂತಿ ತಿಂಡಿಯೇ ಎಂದು ನಿನ್ನ ಗಂಡ ಶಶಾಂಕ್ ನಗಬಹುದು, ನಗಲಿ. ಅಂಟು, ಒಣಕೊಬ್ಬರಿ ಒನ್ ಟೌನ್ ಪೇಟೆಯಿಂದ ತಂದವರು ನಿಮ್ಮಪ್ಪ, ಕುಟ್ಟಿದವಳು ಕೆಲಸದ ರತ್ನಮ್ಮ. ನಾನು ಕೂತು ಉಂಡೆ ಕಟ್ಟಿದೆ ಅಷ್ಟೆ. ಸೀಮಂತಕ್ಕೆ ನೀನು ಕೇಳಿದ ನನ್ನ ಕೆಂಪು ರೇಷ್ಮೆ ಸೀರೆ ಕಳಿಸಿಲ್ಲ. ಮತ್ತೆ ಕೇಳಬೇಡ.

ಬಾಣಂತನಕ್ಕೆ ವಿಶಾಖಪಟ್ಟಣಕ್ಕೆ ಬರುತ್ತೇನೆ ಎಂದಿದ್ದೆನಲ್ಲ, ಬರಲಾಗುವುದಿಲ್ಲ ಕಣೇ. ಗರ್ಭಕೋಶದ ಬಾಯಿಯ ಕ್ಯಾನ್ಸರ್ ರೇಡಿಯೇಷನ್ನಿನಲ್ಲಿ ಹೋಯಿತು ಎಂದು ನಿನಗೆ ಹೇಳಿದ್ದೆ. ಮತ್ತೆ ಬಂದಿದೆ, ಶ್ವಾಸಕೋಶಕ್ಕೂ ಹತ್ತಿದೆ. ಇನ್ನು ಕೆಲವೇ ತಿಂಗಳು ಎಂದಿದ್ದಾರೆ ಡಾಕ್ಟರು.

ನಿನ್ನ ಪಂಕಜಾ ಅತ್ತೆ ಎದೆಯ ಕ್ಯಾನ್ಸರ್ ಆದಮೇಲೂ ದಿನಕ್ಕೊಂದು ಮಾತ್ರೆ ನುಂಗಿಕೊಂಡು ಒಂಬತ್ತು ವರ್ಷದಿಂದ ಓಡಾಡಿಕೊಂಡಿದ್ದಾಳಲ್ಲ, ಆ ಆಸೆ ನನ್ನನ್ನೂ ಹಿಡಿಯಿತು. ಅವಳ ಗಡ್ಡೆಯಲ್ಲಿ ಹಾರ್ಮೋನ್ ರಿಸೆಪ್ಟರ್ ಇತ್ತಂತೆ, ಅದಕ್ಕೇ ಮಾತ್ರೆ ಹಿಡಿಯಿತಂತೆ. ನನ್ನದರಲ್ಲೂ ನೋಡಿ ಎಂದು ಬೆಂಜ್ ಸರ್ಕಲ್ ಹತ್ತಿರದ ಲ್ಯಾಬಿನ ಡಾಕ್ಟರ್ ರಾಜ್ಯಲಕ್ಷ್ಮಿಯವರ ಬೆನ್ನು ಬಿದ್ದೆ. ಈ ಕ್ಯಾನ್ಸರಿಗೆ ಅದರಿಂದ ಉಪಯೋಗವಿಲ್ಲಮ್ಮಾ, ಸುಮ್ಮನೆ ಆಸೆ ಇಟ್ಟುಕೊಳ್ಳಬೇಡಿ ಎಂದು ತೆಲುಗಿನಲ್ಲಿ ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ಪರೀಕ್ಷೆಗೆ ಒಪ್ಪಿದರು. ರಿಪೋರ್ಟ್ ಬರುವವರೆಗೆ ಹತ್ತು ದಿನ ತುಪ್ಪದ ದೀಪ ಹಚ್ಚಿದೆ.

ಕಣ್ಣಾರೆ ನೋಡಬೇಕೆಂದು ಹಟ ಮಾಡಿದಾಗ ಮೈಕ್ರೋಸ್ಕೋಪಿನಲ್ಲಿ ತೋರಿಸಿದರು. ಪರೀಕ್ಷೆಗೆಂದು ನನ್ನಿಂದ ತೆಗೆದ ತುಂಡಿನ ಅಂಚಿನಲ್ಲಿ ಚೂರು ಒಳ್ಳೆಯ ಮಾಂಸ ಉಳಿದಿತ್ತು. ಅಲ್ಲಿ ತುಂಬಾ ಕಂದು ಚುಕ್ಕೆಗಳು. ರಿಸೆಪ್ಟರ್ ಇದ್ದ ಕಡೆ ಹಾಗೆ ಬಣ್ಣ ಹಿಡಿಯುತ್ತದಂತೆ. ಪಕ್ಕದಲ್ಲೇ ಗಡ್ಡೆ, ಬರೀ ನೀಲಿ. ಒಂದಾದರೂ ಕಂದು ಸಿಕ್ಕೀತೇ ಎಂದು ಅಕ್ಕಿಯಲ್ಲಿ ಕಲ್ಲು ಹುಡುಕುವಂತೆ ಹುಡುಕಿದೆ. ಸಿಗಲಿಲ್ಲ. ಪಾಪ, ಆ ಡಾಕ್ಟರಮ್ಮ ಅವಸರ ಮಾಡಲಿಲ್ಲ.

ನಿನ್ನ ಮಗುವಿಗೆ ಎಣ್ಣೆ ಹಚ್ಚಿ, ಕಾಲ ಮೇಲೆ ಹಾಕಿಕೊಂಡು ನೀರೆರೆಯಬೇಕು ಎಂದಿದ್ದೆ. ಇನ್ನೇನು ಎರೆಯುವುದು. ಸಾಯಲು ನನಗೆ ಭಯವಾಗುತ್ತದೆ ಶ್ರೀ. ನಿಮ್ಮಪ್ಪ ಜನವರಿಯ ರೈಲಿಗೆ ಇಬ್ಬರಿಗೂ ಟಿಕೆಟ್ ಮಾಡಿಸಿದ್ದಾರೆ. ರದ್ದು ಮಾಡಿಸಿ ಎನ್ನಲು ನನಗೆ ಬಾಯಿ ಬರುತ್ತಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಮ್ಮ,
ಅನಸೂಯಾ

ತಾ.ಕ.: ಮದುವೆಯಲ್ಲಿ ಕೊಟ್ಟ ನಿನ್ನ ಟ್ರಂಕಿನ ತಳದಲ್ಲಿ, ಕುಂಕುಮದ ಡಬ್ಬಿಯ ಕೆಳಗೆ, ಮುಟ್ಟು ಮುಂದೂಡುವ ಮಾತ್ರೆ ಇಟ್ಟಿದ್ದೆ, ಹಬ್ಬಹರಿದಿನಕ್ಕೆ ಬೇಕಾಗುತ್ತದೆಂದು. ಎಸೆದುಬಿಡು. ನಿನ್ನ ಮದುವೆಗೆ ಮೂರು ತಿಂಗಳ ಮುಂಚೆಯೇ ನನಗೆ ಹೊತ್ತಲ್ಲದ ಹೊತ್ತಿನಲ್ಲಿ ರಕ್ತ ಹೋಗುತ್ತಿತ್ತು. ಡಾಕ್ಟರಿಗೆ ತೋರಿಸುವ ಬದಲು ಆ ಮಾತ್ರೆ ನುಂಗಿದೆ. ಧಾರೆಯ ಹೊತ್ತಿಗೆ ತಾಯಿಯೇ ಹೊರಗಾದರೆ ಹೇಗೆ? ರೋಗ ಮಾತ್ರೆಯಿಂದ ಬಂದದ್ದಲ್ಲವಂತೆ. ಆಮೇಲೂ ರಕ್ತ ಹೋಗುತ್ತಿದ್ದುದು ಮಾತ್ರೆಯದೇ ಕಿತಾಪತಿ ಎಂದುಕೊಂಡು ಒಂದೂವರೆ ವರ್ಷ ಸುಮ್ಮನಿದ್ದವಳು ನಾನು. ನೀನು ಹಾಗೆ ಮಾಡಬೇಡ, ಹೆರಿಗೆಯಾಗಿ ಮೂರು ತಿಂಗಳಿಗೆ ಗರ್ಭಕೋಶದ ಬಾಯಿಯ ಪರೀಕ್ಷೆ ಮಾಡಿಸಿಕೋ. ಅಷ್ಟು ನುಂಗಿದರೂ ರಕ್ತ ನಿಂತಿರಲಿಲ್ಲ. ನಿಮ್ಮಿಬ್ಬರ ಕೈ ಮೇಲೆ ನಾನು ನೀರು ಬಿಡುವಾಗ ಸೀರೆ ಹಿಂದೆಲ್ಲ ನೆಂದಿತ್ತು. ಕೆಂಪು ಸೀರೆ ನೋಡು, ಯಾರಿಗೂ ಕಾಣಲಿಲ್ಲ.