ಗೌಜಲಹಕ್ಕಿ ಕಂಡ ಜಾಗ

ಬೇಲೂರು
೧೨ ನವೆಂಬರ್ ೧೯೯೮

ಪ್ರೀತಿಯ ಸ್ವಾಮಿ ಅಣ್ಣನಿಗೆ,

ನಿನ್ನ ಮಂಡಿನೋವು ಹೇಗಿದೆ? ಅತ್ತಿಗೆ ಎಣ್ಣೆ ಹಚ್ಚಲು ಬಂದರೆ ಬೈಯುತ್ತೀಯಂತೆ, ಸುಮ್ಮನೆ ಹಚ್ಚಿಸಿಕೊ. ನಾವಿಲ್ಲಿ ಚೆನ್ನಾಗಿದ್ದೇವೆ ಎಂದು ಬರೆಯಹೋಗಿ ಪೆನ್ನು ಕೆಳಗಿಟ್ಟೆ. ನಾಲ್ಕು ದಿನದಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ನನ್ನ ಹಕ್ಕಿಗಳ ಪಟ್ಟಿಯನ್ನು ಅಚ್ಚಿಗೆ ಕೊಟ್ಟೆಯಾ? ಇಲ್ಲವಾದರೆ ಈ ಪತ್ರ ಪೂರ್ತಿ ಓದುವವರೆಗೆ ತಡೆ.

ನಮ್ಮ ಕಾನ್ವೆಂಟಿನಲ್ಲಿ ಹಕ್ಕಿಗಳಿಗೆ ಇಂಗ್ಲಿಷ್ ಬಿಟ್ಟು ಬೇರೆ ಹೆಸರಿರಲಿಲ್ಲವಲ್ಲ. ನಲವತ್ತು ದಾಟಿದ ಮೇಲೆ ಬೈನಾಕ್ಯುಲರ್ ಕೊಂಡು, ಭಾನುವಾರ ಹಳೇಬೀಡಿನ ಬಸ್ಸು ಹತ್ತಿ, ಹುಲಿಕೆರೆ ಕಡೆಯ ಹೊಲಗಳಲ್ಲಿ ಅಲೆಯುತ್ತಾ, ಕುರಿ ಕಾಯುವ ಜವರಯ್ಯನವರಿಂದ ನಾನು ಕನ್ನಡದ ಹೆಸರು ಕಲಿತೆ. ಪುಸ್ತಕದ ಚಿತ್ರ ತೋರಿಸಿದರೆ ಸಾಕು, ಕಾಜಾಣ, ಕೆಂಬೂತ, ಪುರಲೆ ಎಂದು ಹೇಳಿಬಿಡುತ್ತಿದ್ದರು. ಎಲ್ಲಿ ಕಂಡಿರಿ ಎಂದು ತಪ್ಪದೆ ಕೇಳುತ್ತಿದ್ದರು. ಪಾಠ ಒಪ್ಪಿಸುವ ಹುಡುಗಿಯ ಹಾಗೆ ನಾನು ಹೊಲ, ಬೇಲಿ, ಹೊತ್ತು ಸಮೇತ ಹೇಳುತ್ತಿದ್ದೆ. ಅವರ ಜಗಲಿಯ ಮೇಲೆ ಬುಟ್ಟಿಯಂಥ ಪಂಜರದಲ್ಲಿ ಒಂದು ಗೌಜಲಹಕ್ಕಿ ಕೂಗುತ್ತಿತ್ತು. ಗಿಣಿ ಸಾಕುವ ಹಾಗೆ ಪ್ರೀತಿಗೆ ಸಾಕಿದ್ದಾರೆಂದು ನಂಬಿದ್ದೆ.

ಹೋದ ಭಾನುವಾರ ನೋಡುತ್ತೇನೆ, ಗೌಜಲಹಕ್ಕಿ ಕಂಡೆನೆಂದು ನಾನು ಜವರಯ್ಯನವರಿಗೆ ಹೇಳಿದ್ದ ರಾಗಿ ಹೊಲದ ಅಂಚಿನಲ್ಲೇ ಆ ಪಂಜರ, ಸುತ್ತಲೂ ಉರುಲು, ಬೇಲಿ ಮರೆಯಲ್ಲಿ ಅವರು. ಒಳಗಿನದು ಕೂಗಿದರೆ ಹೊಲದವು ಜಗಳಕ್ಕೆ ಓಡಿಬಂದು ಸಿಕ್ಕಿಕೊಳ್ಳುತ್ತವಂತೆ. ಮೂರು ಆಗಲೇ ಸಿಕ್ಕಿದ್ದವು. ಬಾಣಂತಿ ಮೊಮ್ಮಗಳ ಸಾರಿಗೆ ಬೇಕಿತ್ತು ಎಂದರು, ಮುಚ್ಚುಮರೆಯಿಲ್ಲದೆ. ಇಷ್ಟು ಹೆಸರು ಬಲ್ಲವರು ಹೀಗೆ ಮಾಡಬಹುದೇ ಎಂದೆ. ನಕ್ಕುಬಿಟ್ಟರು.

"ತಿಂದೋರ್ಗಲ್ವೇನವ್ವ ಹೆಸ್ರು ಗೊತ್ತಿರಾದು? ಜಾಗ ನೀವೇ ಹೇಳಿದ್ರಿ."

ಕೋಳಿಸಾರು ಉಣ್ಣುವವಳೇ ನಾನೂ. ಅವರ ಮೇಲೆ ಸಿಟ್ಟು ಬರಲಿ ಎಂದು ಕಾದೆ, ಬರಲಿಲ್ಲ. ನಾಚಿಕೆಯ ಮಾತೆಂದರೆ, ಆಗಲೂ ನನ್ನ ಬಾಯಿಂದ ಬಂದದ್ದು ಆ ಉರುಲಿಗೆ ನಿಮ್ಮಲ್ಲಿ ಏನನ್ನುತ್ತೀರಿ ಎಂಬ ಪ್ರಶ್ನೆಯೇ.

ಅತ್ತಿಗೆಗೆ ನಮಸ್ಕಾರ ತಿಳಿಸು, ಮಕ್ಕಳನ್ನು ಕೇಳಿದೆನೆಂದು ಹೇಳು. ಮೆಟ್ಟಿಲು ಹತ್ತಿಳಿಯುವಾಗ ಜೋಪಾನ.

ನಿನ್ನ ತಂಗಿ
ಇಂದು

ತಾ.ಕ.: ಪಟ್ಟಿಯಲ್ಲಿ ಪ್ರತಿ ಹಕ್ಕಿಯ ಎದುರೂ ಅದನ್ನು ಕಂಡ ಜಾಗ ಬರೆದಿದ್ದೇನೆ. ಅಷ್ಟನ್ನೂ ಹೊಡೆದುಹಾಕು. ಅಚ್ಚಾಗಿ ಹೋಗಿದ್ದರೆ ಒಂದು ಪ್ರತಿಯನ್ನೂ ಹಂಚಬೇಡ. ಜವರಯ್ಯನವರ ಹೆಸರು ಮಾತ್ರ ಮೊದಲ ಪುಟದಲ್ಲಿ ಇದ್ದ ಹಾಗೇ ಇರಲಿ. ಅದನ್ನು ತೆಗೆದರೆ ಪಟ್ಟಿಯಲ್ಲಿ ನನ್ನದೆಂದು ಉಳಿಯುವುದು ಇಂಗ್ಲಿಷ್ ಅಷ್ಟೇ.