ವಾಲ್ವಿಗೆ ಕಟ್ಟಿದ ಅರಿಶಿನದಾರ

ಹಂಪಿ,
17-11-2025, ಕಾರ್ತಿಕ ಸೋಮವಾರ

ಪ್ರೀತಿಯ ತಮ್ಮ ಅಂಜಿನೇಯನಿಗೆ ಅಕ್ಕನ ಆಶೀರ್ವಾದ.

ಹೇಗಿದ್ದೀಯಪ್ಪ? ಮಲ್ಪೆಯ ಉಪ್ಪುನೀರಿಗೆ ಬಿರಿದ ಅಂಗೈ ವಾಸಿಯಾಯಿತೇ? ನಿನ್ನ ಹೆಂಡತಿ ಹೇಮಾಳ ಕೆಮ್ಮು ಹೇಗಿದೆ? ನಾವು ವಿರೂಪಾಕ್ಷನ ದಯೆಯಿಂದ ಚೆನ್ನಾಗಿದ್ದೇವೆ ಎಂದು ಬರೆಯಬೇಕು. ಆದರೆ ನಿನ್ನ ಭಾವ ಚೆನ್ನಾಗಿರಲು ಬಿಟ್ಟರೆ ತಾನೇ?

ಎಂಜಿನ್ ತಂಪಾಗಲೆಂದು ಹೊಳೆನೀರು ಎಳೆದುಕೊಳ್ಳುವ ತೂತು ನಮ್ಮ ದೋಣಿಯ ತಳದಲ್ಲಿದೆಯಲ್ಲ, ಅದರ ಮೇಲೆ ವಾಲ್ವು ಕೂರಿಸಿದವನು ನೀನೇ. "ವಾರಕ್ಕೊಮ್ಮೆ ಮುಚ್ಚಿ ತೆಗೀರಿ ಭಾವ, ಗ್ರೀಸ್ ಹಚ್ಚರಿ, ಇಲ್ಲಾಂದ್ರ ಹಿಡಕಂಬಿಡ್ತದ" ಎಂದು ಹೇಳಿಯೂ ಹೋಗಿದ್ದೆ. ಇವರು ಹೋದ ವರ್ಷದ ಆಯುಧಪೂಜೆಗೆ ವಾಲ್ವಿನ ಹಿಡಿಕೆಗೆ ಅರಿಶಿನದಾರ ಸುತ್ತಿ, ತೆರೆದಂತೆಯೇ ಪಕ್ಕದ ಪೈಪಿಗೆ ಬಿಗಿದರು. ಅಂದಿನಿಂದ ತಿರುಗಿಸಿಲ್ಲ. ತಿರುಗಿಸಿದರೆ ದಾರ ಹರಿಯುತ್ತದಂತೆ, ಹರಿದರೆ ಅಪಶಕುನವಂತೆ. ಈ ವರ್ಷ ಅದರ ಮೇಲೆ ಇನ್ನೊಂದು ದಾರ! ನಾನೂ ದೇವರನ್ನು ನಂಬಿದವಳೇ. ಆದರೆ ಹೊಸ್ತಿಲು ಪೂಜೆ ಮಾಡಿದೆವೆಂದು ಬಾಗಿಲಿಗೆ ಚಿಲಕ ಹಾಕುವುದನ್ನು ಬಿಡುತ್ತೇವೆಯೇ?

ಮೊನ್ನೆ ಮಲಪನಗುಡಿಯ ಹೆಂಗಸರನ್ನು ಆನೆಗುಂದಿ ಕಡೆಗೆ ದಾಟಿಸುತ್ತಿದ್ದೆವು; ನಾನೂ ಜೊತೆಗಿದ್ದೆ. ನಡುಹೊಳೆಯಲ್ಲಿ ವಾಲ್ವಿನ ಮೇಲಿನ ರಬ್ಬರ್ ಪೈಪು ಕಿತ್ತುಬಂತು. ನೀರು ಬುಗ್ಗೆಯಂತೆ ಒಳಗೆ! ಆಗ ಇವರಿಗೆ ದಾರವೂ ನೆನಪಿಲ್ಲ, ಶಕುನವೂ ಇಲ್ಲ, ವಾಲ್ವು ಮುಚ್ಚಲು ಹಿಡಿಕೆ ಜಗ್ಗಿದರು. ಅದು ತಿರುಗಲಿಲ್ಲ, ಮುರಿದು ಕೈಗೇ ಬಂತು. ನಾನು ಉಡಿ ತುಂಬಲು ತಂದಿದ್ದ ಕುಪ್ಪಸದ ಕಣವನ್ನು ತೂತಿಗೆ ತುರುಕಿ, ಹಿಮ್ಮಡಿ ಒತ್ತಿ ನಿಂತೆ. ಆ ಹೆಂಗಸರಲ್ಲಿದ್ದ ವಿರುಪಮ್ಮನ ಬಾಯಿ ಆಗಲೂ ಸುಮ್ಮನಿರಲಿಲ್ಲ: "ಏನವಾ ಹೊಳೆಮ್ಮ, ಗಂಗಮ್ಮನ ಮನೀಗೇ ಕರಕಂಡು ಹೊಂಟೀಯೇನು?"

ಹೇಗೋ ದಡ ಮುಟ್ಟಿದೆವು. ಇವರು ಅದೇ ಪೈಪನ್ನು ತಂತಿ ಸುತ್ತಿ ಸಿಕ್ಕಿಸಿ, "ಸ್ವಾಮಿ ಕಾಪಾಡಿದ್ನಲ್ಲ, ಇನ್ನ್ಯಾಕ ಚಿಂತಿ ಮಾಡ್ತಿ" ಎಂದು ಮತ್ತೆ ಜನ ಹತ್ತಿಸಲು ಹೊರಟಿದ್ದಾರೆ. ಸ್ವಾಮಿ ಕಾಪಾಡಿದ್ದು ಹೌದು. ದಿನಾ ಅವನಿಗೆ ಇದೇ ಕೆಲಸ ಹಚ್ಚಬೇಕೇ? ಇನ್ನೊಮ್ಮೆ ಕಿತ್ತುಬಂದರೆ ಆ ಜನರ ಮನೆಯವರಿಗೆ ಯಾವ ಮುಖ ತೋರಿಸಲಿ? ನೀನು ಹೊಸ ವಾಲ್ವು ತಗೊಂಡು ಬಾ. ದೋಣಿಯನ್ನು ದಡಕ್ಕೆ ಎಳೆಸಿಯೇ ಹಳೆಯದನ್ನು ಬಿಚ್ಚು. ನೀರಲ್ಲೇ ಬಿಚ್ಚುತ್ತೇನೆ ಎನ್ನುವ ಗಂಡಸು ಇಲ್ಲಿದ್ದಾನೆ.

ಫೋನಿನಲ್ಲಿ ಹೇಳೋಣವೆಂದರೆ ಇವರು ಪಕ್ಕದಲ್ಲೇ ಕುಂತಿರುತ್ತಾರೆ. ಕಂಪ್ಲಿಯ ತಾಯಕ್ಕ ಇವತ್ತೇ ಉಡುಪಿಗೆ ಹೊರಟಿದ್ದಾಳೆ, ಅವಳ ಕೈಲಿ ಕಳಿಸುತ್ತಿದ್ದೇನೆ. ಪಂಪಾಂಬಿಕೆ ನಿಮ್ಮಿಬ್ಬರನ್ನೂ ತಣ್ಣಗಿಟ್ಟಿರಲಿ.

ನಿನ್ನ ಅಕ್ಕ,
ಹೊಳೆಮ್ಮ

ತಾ.ಕ.: ಎಂಜಿನ್ ತಿರುಗಿಸಿ ಚಾಲೂ ಮಾಡುವ ಕಬ್ಬಿಣದ ಹ್ಯಾಂಡಲ್ ಹೊಳೆಗೆ ಬಿದ್ದಿದೆಯೆಂದು ನಿನ್ನ ಭಾವ ಬೆಳಗಿನಿಂದ ಮುಳುಗಿ ಮುಳುಗಿ ಹುಡುಕುತ್ತಿದ್ದಾರೆ. ಅದು ನನ್ನ ಜೋಳದ ಡಬ್ಬಿಯಲ್ಲಿದೆ. ನಡುಗುತ್ತಾ ಬಂದು ಬಿಸಿನೀರು ಕೇಳಿದಾಗ ಕರುಳು ಚುರುಕ್ಕೆನ್ನುತ್ತದೆ. ನಾನು ಬಾಯಿ ಬಿಡುವುದರೊಳಗೆ ಜಲ್ದಿ ಬಾ.