ರೆಕ್ಕೆಯ ಕೆಳಮೈ

ಸರ್ ಅವರಿಗೆ,

ಸಂಗ್ರಹಾಲಯದ ಚಿಟ್ಟೆ ಪೆಟ್ಟಿಗೆಗಳಿಗೆ ಹದಿನಾಲ್ಕು ವರ್ಷದಿಂದ ಹೆಸರಿನ ಚೀಟಿ ಬರೆಯುತ್ತಿರುವವಳ ನಮಸ್ಕಾರ.

ಕಂದು ಚಿಟ್ಟೆಗಳ ಪೆಟ್ಟಿಗೆ ಮುಗಿಸಿದ್ದೇನೆ. ಎರಡು ಜಾತಿಯವೂ ಮೇಲಿನಿಂದ ಅವಳಿಜವಳಿ. ರೆಕ್ಕೆಯ ಕೆಳಮೈಯಲ್ಲಿ ಒಂದಕ್ಕೆ ಮೂರು ಕಣ್ಣುಚುಕ್ಕೆ, ಇನ್ನೊಂದಕ್ಕೆ ನಾಲ್ಕು. ಹೊಸದರಲ್ಲಿ ನಾನು ಮೇಲ್ಮೈ ನೋಡಿಯೇ ಹೆಸರು ಬರೆದಾಗ ನೀವು ಚೀಟಿ ಹರಿದಿರಿ. "ತಿರುಗಿಸಿ ನೋಡಿದ್ಯೇನಮ್ಮಾ? ನೋಡಿಲ್ಲ ಅಂದ್ರೆ ಗೊತ್ತಿಲ್ಲ ಅಂತ ಬರಿ. ಗೊತ್ತಿಲ್ಲ ಅಂದ್ರೆ ಯಾರೂ ಸಾಯಲ್ಲ" ಎಂದಿರಿ.

ಎದುರಿನ ಗಿರಣಿಯ ಮುಷ್ಕರದಲ್ಲಿ ಕಾವಲುಗಾರನನ್ನು ಹೊಡೆದು ಕೊಂದವನು ಅಲ್ಲಿ ಕೂಲಿ ಮಾಡುವ ನನ್ನ ತಮ್ಮ ಎಂದು ಪೊಲೀಸರಿಗೆ ಬರೆದುಕೊಟ್ಟಿದ್ದೀರಿ. ಮೂರನೇ ಮಹಡಿಯ ಕಿಟಕಿಯಿಂದ ನೀವು ಕಂಡದ್ದು ಒಂದು ನೀಲಿ ಅಂಗಿಯ ಬೆನ್ನು. ಆ ಅಂಗಿಯನ್ನು ಗಿರಣಿ ಇನ್ನೂರು ಜನರಿಗೆ ತೊಡಿಸಿದೆ. ಸತ್ತ ಹುಳುವನ್ನು ತಿರುಗಿಸಿ ನೋಡುವ ನಿಮಗೆ ಕೂಲಿಯವನ ಮುಖ ನೋಡುವಷ್ಟು ಪುರುಸೊತ್ತು ಇರಲಿಲ್ಲವೇ? ಅವನಿಗೆ ಗಲ್ಲು ಕೇಳುತ್ತಿದ್ದಾರೆ. ಠಾಣೆಯಲ್ಲಿ ಬಲಗೈ ಆಗಲೇ ಮುರಿದಿದ್ದಾರೆ.

ಸೋಮವಾರ ನಿಮ್ಮ ಸಾಕ್ಷಿ. ಈ ಪೆಟ್ಟಿಗೆಯಲ್ಲಿ ಒಂದು ಚಿಟ್ಟೆಯ ಕೆಳಮೈಯನ್ನು ಇರುವೆ ತಿಂದಿತ್ತು. ಅದಕ್ಕೆ 'ಗುರುತು ಖಚಿತವಿಲ್ಲ' ಎಂದು ಚೀಟಿ ಬರೆದೆ. ಅಂಥದೇ ಇನ್ನೊಂದು ಚೀಟಿಯನ್ನು ಈ ಲಕೋಟೆಯಲ್ಲಿಟ್ಟಿದ್ದೇನೆ. ಕಟಕಟೆಯಲ್ಲಿ ನಿಂತು ಅದನ್ನು ಓದಿ, ಸಾಕು.

ನೀವು ಕಲಿಸಿದಂತೆಯೇ ಬರೆಯುತ್ತಿರುವ,
ಚೀಟಿಯವಳು